ಕಿಟಕಿ ಕಾದವನ ಮದುವೆ

ಬನಹಟ್ಟಿಯ ಓಣಿಯೊಂದರಲ್ಲಿ ಸ್ಕೂಟರ್ ನಿಲ್ಲಿಸಿ ಮತ್ತೆ ದಾರಿ ಕೇಳಿದೆ. ಮಗ್ಗಗಳ ಸದ್ದಿನಲ್ಲಿ ನನ್ನ ದನಿ ನನಗೇ ಕೇಳಲಿಲ್ಲ.

"ಮದುವಿ ಮನಿ ಎಲ್ಲೈತ್ರೀ ಯಜಮಾನ್ರ?"

"ಯಾವುದ್ರೀ? ಗ್ವಾಡಿ ಒಡದು ಕಿಟಕಿ ಇಡಿಸಿದವ್ರ ಮನೀನ?"

ನೈರೋಬಿ, ಕಠ್ಮಂಡು ಸುತ್ತಿದವಳು ಇಲ್ಲಿ ದಾರಿ ತಪ್ಪಿದ್ದೆ. ಆ ಕಿಟಕಿಗೆ ನಾನೇ ಕಾರಣ ಎಂದು ಮಾತ್ರ ಬಾಯಿ ಬಿಡಲಿಲ್ಲ. ಎಚ್‌ಐವಿ ತಪಾಸಣೆಗೆ ಬಂದವರಿಗೆ ತಿಳಿಹೇಳುವ ಕೆಲಸ ನನ್ನದು. ಜಮಖಂಡಿಯಿಂದ ಬೀಳಗಿವರೆಗೆ ಇಂಥ ಪಜೀತಿಗಳು ನನ್ನ ಬೆನ್ನು ಬಿಟ್ಟದ್ದೇ ಇಲ್ಲ.

೧. ನಾಯಿಗಿಂತ ನಿಧಾನ

ಮುಧೋಳದ ಕಡೆ ಬೇಟೆನಾಯಿ ಸಾಕುವವರೊಬ್ಬರು ಬೆಳಿಗ್ಗೆ ನಾನು ಬಾಗಿಲು ತೆಗೆಯುವ ಮೊದಲೇ ನಿಂತಿದ್ದರು.

"ನಿನ್ನಿ ಹೋಗಬಾರದಲ್ಲಿ ಹೋಗಿದ್ನಿರಿ. ಈಗಿಂದೀಗ ರಕ್ತಾ ನೋಡ್ರಿ."

"ಲಗೂನ ಬಂದದ್ದು ಛಲೋ ಆತು. ಮೂರು ದಿನದೊಳಗ ಬಂದವ್ರಿಗೆ ಸೋಂಕು ತಡಿಯೋ ಗುಳಿಗಿ ಅದಾವ, ಈಗ ಸುರು ಮಾಡೂಣು. ಆದ್ರ ನಿನ್ನಿದು ಇವತ್ತಿನ ರಕ್ತದಾಗ ಕಾಣೂದಿಲ್ರಿ. ಪಕ್ಕಾ ಹೇಳಾಕ ತಿಂಗಳಗಟ್ಟಲೆ ಬೇಕು."

ಅವರಿಗೆ ನನ್ನ ಮೇಲೆ ಮರುಕ ಬಂತು. "ನಿನ್ನಿ ಓಡಿದ ಮೊಲದ ವಾಸ್ನಿ ನಮ್ಮ ನಾಯಿ ಇವತ್ತ ಹಿಡೀತೈತ್ರಿ. ನಿಮ್ಮ ಮಷಿನ್‌ಗೆ ಹೊಟ್ಟಿಗೆ ಏನರೆ ಹಾಕ್ತೀರೋ ಇಲ್ಲೋ?"

೨. ಯಾರ ಪರೀಕ್ಷೆ

ಬನಹಟ್ಟಿಯ ನೇಕಾರ ಹುಡುಗ ಬಂದದ್ದು ಹೋಗಬಾರದಲ್ಲಿ ಹೋಗಿ ವಾರ ಕಳೆದ ಮೇಲೆ. ಗುಳಿಗೆಯ ಹೊತ್ತು ಮೀರಿತ್ತು. ಮುಂದಿನ ತಿಂಗಳು ಮದುವೆ. ತಪಾಸಣೆಯಲ್ಲಿ ಏನೂ ಇಲ್ಲ ಎಂದು ತಿಳಿದು ಕುಣಿದಾಡಿದ.

"ತಡಿಯಪಾ. ಸೋಂಕು ಹೊಕ್ಕರೂ ಒಂದಿಷ್ಟು ದಿನ ಟೆಸ್ಟಿಗೆ ಸಿಗೂದಿಲ್ಲ. ಅದಕ್ಕ ಕಿಟಕಿ ಅವಧಿ ಅಂತಾರ. ಮೂರು ತಿಂಗಳಾದಮ್ಯಾಲ ಬಾ, ಅಲ್ಲೀತನಕ ಮದುವಿ ಮುಂದ ಹಾಕು."

"ಹುಡಿಗಿಗೆ ಏನ್ ಹೇಳ್ಲಿರಿ?"

"ಖರೆ ಹೇಳು. ಹೇಳಿ, ಕಾದು ಬಂದ್ರ ನಿನ್ನ ಮದುವ್ಯಾಗ ನಾ ಒಡಪು ಹೇಳ್ತೇನಿ!"

ಪ್ರಾಸ ಕಟ್ಟಿ ಗಂಡನ ಹೆಸರು ಹೇಳುವುದು ಒಡಪು. ನನಗೆ ಗಂಡನೇ ಇಲ್ಲ. ಇವನು ಹುಡುಗಿಗೆ ನಿಜ ಹೇಳುವುದಿಲ್ಲ ಎಂಬ ಧೈರ್ಯದ ಮೇಲೆ ಆಡಿದ ಮಾತು.

ಹೇಳಿಯೇಬಿಟ್ಟ! ರಬಕವಿಯ ಆ ಹುಡುಗಿ ಕೆಲವು ದಿನ ಮಾತು ಬಿಟ್ಟಳು. ಆಮೇಲೆ, "ಪರೀಕ್ಷಿ ಮುಗೀಲಿ, ಮದುವಿ ಆಮ್ಯಾಲ" ಎಂದು ಎರಡೂ ಮನೆಯವರನ್ನು ಒಪ್ಪಿಸಿದಳು. ಕಾಲೇಜಿನ ಹುಡುಗಿ; ಯಾರ ಪರೀಕ್ಷೆ ಎಂದು ಯಾರೂ ಕೇಳಲಿಲ್ಲ.

೩. ಒಡಪು

ಹುಡುಗ ಅಜ್ಜಿಯ ಪಕ್ಕದಲ್ಲೇ ಕುಳಿತು ಫೋನ್ ಮಾಡುತ್ತಿದ್ದ. "ಅಕ್ಕಾರ, ಕಿಟಕಿ ಇನ್ನೂ ಎಷ್ಟ ದಿನಾರಿ?" ಸೊಸೆ ಬರುವ ಮನೆಗೆ ಕಿಟಕಿ ಇಲ್ಲವೆಂದು ಮೊಮ್ಮಗ ಕೊರಗುತ್ತಿದ್ದಾನೆ ಎಂದುಕೊಂಡ ಅಜ್ಜಿ, ಗೌಂಡಿಯನ್ನು ಕರೆಸಿ ಗೋಡೆ ಒಡೆಸಿದಳು.

ಮೂರು ತಿಂಗಳಿಗೆ ಹುಡುಗ, ಹುಡುಗಿ ಇಬ್ಬರೂ ಜೊತೆಯಾಗಿ ಬಂದರು. ಸೋಂಕಿರಲಿಲ್ಲ. ಎಷ್ಟೋ ದೇಶದಲ್ಲಿ ಈ ಪಾಠ ಹೇಳಿದ್ದೇನೆ. ಇವರಷ್ಟು ನೆಟ್ಟಗೆ ಕಲಿತವರನ್ನು ನಾನು ಕಂಡಿಲ್ಲ.

ಮದುವೆ ಮನೆ ಅಂತೂ ಸಿಕ್ಕಿತು. ಹೆಂಗಸರೆಲ್ಲ ಸುತ್ತುಗಟ್ಟಿದರು. "ಹೆಸರು ಹೇಳ್ರೀ ಅಕ್ಕಾರ!" ಮದುಮಗ ತುಟಿ ಕಚ್ಚಿಕೊಂಡು ನಿಂತಿದ್ದ. ಮಾತಿನ ಸಾಲ ತೀರಿಸಲೇಬೇಕಿತ್ತು. ಗಂಟಲು ಸರಿಮಾಡಿಕೊಂಡೆ:

"ಊರೂರು ತಿರಗಿದ್ರೂ ಹೇಳಾಕೊಂದು ಹೆಸರು ನನಗ ಸಿಗಲಿಲ್ಲ,
ಮೂರು ತಿಂಗಳ ಕಿಟಕಿ ಕಾದಾವ ಈಕೀಗೆ ಸಿಕ್ಕಾನಲ್ಲ!"

ಮದುಮಗಳು ಸೆರಗಿನಲ್ಲಿ ಮುಖ ಮುಚ್ಚಿ ನಕ್ಕಳು. ಅಜ್ಜಿ ಮಾತ್ರ ಸಿಟ್ಟಿನಿಂದ ಎದ್ದು ನಿಂತಳು.

"ಯವ್ವಾ, ಇಂವೇನ್ ಕಾದಾನ? ಬಿಸಲಾಗ ಗೌಂಡಿ ಮುಂದ ಕುಂತು ಕಿಟಕಿ ಕಾದಾಕಿ ನಾನು!"