ಮೊದಲ ಪಾಠ ಉಚಿತ

ಪುಕ್ಕಟೆರಾಯರಿಗೆ ಆ ಹೆಸರಿಟ್ಟವರು ಆಫೀಸಿನವರು. ಅದನ್ನು ಮನೆಯಲ್ಲೂ ಚಲಾವಣೆಗೆ ತಂದವಳು ಸಾಕ್ಷಾತ್ ಅವರ ಧರ್ಮಪತ್ನಿ. ದುಡ್ಡು ಕೊಟ್ಟು ಕಲಿತ ವಿದ್ಯೆ ತಲೆಗೆ ಹತ್ತುವುದಿಲ್ಲ ಎಂಬುದು ರಾಯರ ಸಿದ್ಧಾಂತ. (ಈಜು ಬಾರದಿರುವುದಕ್ಕೂ ಅವರು ಕೊಡುವ ಕಾರಣ ಇದೇ.)

ಆಫೀಸಿನ ಕಂಪ್ಯೂಟರುಗಳಲ್ಲಿ ಪತ್ರ, ವರದಿ ಟೈಪು ಮಾಡುವ ಹಳೆಯ ಸಾಫ್ಟ್‌ವೇರ್ ಹೋಗಿ ಹೊಸ ಆವೃತ್ತಿ ಬಂದಾಗ, ತಮ್ಮ ಮನೆಯ ಸ್ವಿಚ್ಚುಗಳನ್ನೆಲ್ಲ ಯಾರೋ ಅದಲುಬದಲು ಮಾಡಿದಂತೆ ರಾಯರಿಗೆ ದಿಕ್ಕು ತಪ್ಪಿತು. ಅದೇ ಹೊತ್ತಿಗೆ ಸೂಪರಿಂಟೆಂಡೆಂಟರ ಕುರ್ಚಿ ಖಾಲಿಯಾಯಿತು. ಸೋಮವಾರ ಹೊಸದರಲ್ಲಿ ವಾರ್ಷಿಕ ವರದಿಯನ್ನು ಮೊದಲು ಸಿದ್ಧಮಾಡಿ ಕೊಟ್ಟವರಿಗೇ ಆ ಕುರ್ಚಿ ಎಂದು ಸಾಹೇಬರು ಸಾರಿದರು. ರಾಯರು ಬಹುಕಾಲದಿಂದ ಅದರ ಮೇಲೆ ಕಣ್ಣಿಟ್ಟವರು. ಅದಕ್ಕೆ ಚಕ್ರಗಳಿದ್ದವು, ಗಿರ್ರನೆ ತಿರುಗುತ್ತಲೂ ಇತ್ತು.

ಪಕ್ಕದ ಮೇಜಿನ ಟೈಪಿಸ್ಟ್ ಅಮ್ಮ ಆಗಲೇ ಫೀಸು ಕಟ್ಟಿ ಕ್ಲಾಸಿಗೆ ಸೇರಿದ್ದರು. ನೀವೂ ಸೇರಿಕೊಳ್ಳಿ ಎಂದು ಹೆಂಡತಿ ಹೇಳಿ ಹೇಳಿ ಸೋತಳು.

"ಲೋಕವೆಲ್ಲ ಪುಕ್ಕಟೆ ಹೇಳ್ಕೊಡ್ತಿರುವಾಗ ಫೀಸ್ ಯಾಕೆ ಕಟ್ಬೇಕು?" ಎಂದರು ರಾಯರು.

"ಹೇಳ್ಕೊಡೋರೂ ಹೊಟ್ಟೆಗೆ ಏನಾದ್ರೂ ತಿನ್ಬೇಕಲ್ಲರೀ," ಎಂದಳು ಅವಳು.

ರಾಯರ ಜ್ಞಾನಾರ್ಜನೆ ಆರಂಭವಾಯಿತು. ಇಂಟರ್‌ನೆಟ್ಟಿನಲ್ಲಿ ಉಚಿತ ವಿಡಿಯೋ, ಉಚಿತ ಪುಸ್ತಕ, ಉಚಿತ ತರಗತಿಗಳಿಗೆ ಬರವೇ ಇರಲಿಲ್ಲ. ಆದರೆ ಎಲ್ಲ ಗುರುಗಳದೂ ಒಂದೇ ಚಾಳಿ. ಮೊದಲ ಪಾಠ ಉಚಿತ. ಅದು ಮುಗಿದೊಡನೆ ಪರದೆಯ ಮೇಲೊಂದು ಚೌಕ ಪುಟಿದೆದ್ದು, ಮುಂದಿನ ಪಾಠಕ್ಕೆ ಹಣ ಕಟ್ಟುವಿರಾ ಎಂದು ಕೇಳುತ್ತಿತ್ತು. ರಾಯರು "ಬೇಡ" ಒತ್ತಿ ಬೇರೆ ಗುರುವಿನ ಪಾದ ಹಿಡಿಯುತ್ತಿದ್ದರು. ಹೀಗೆ ಅವರು ಜಗತ್ತಿನ ಮೊದಲ ಪಾಠಗಳನ್ನೆಲ್ಲ ಅರೆದು ಕುಡಿದರು. ಹೊಸ ಪುಟ ತೆರೆಯುವುದನ್ನು ಕಣ್ಣು ಮುಚ್ಚಿಕೊಂಡೇ ಮಾಡಬಲ್ಲವರಾದರು. ಮೊದಮೊದಲು ಆ ಚೌಕವನ್ನು ಕನ್ನಡಕ ಹಾಕಿಕೊಂಡು ಓದುತ್ತಿದ್ದರು. ಬರಬರುತ್ತ ಕಣ್ಣಿಗಿಂತ ಮುಂಚೆ ಬೆರಳೇ ಓಡತೊಡಗಿತು. ಊಟಕ್ಕೆ ಕೂತಾಗ ಇನ್ನೊಂದು ಸೌಟು ಬಡಿಸಲೇ ಎಂದರೂ "ಬೇಡ" ಎಂದುಬಿಟ್ಟು, ಆಮೇಲೆ ಬರಿದಾದ ತಟ್ಟೆಯನ್ನು ನೋಡುತ್ತ ಕೂರುತ್ತಿದ್ದರು.

ಸೋಮವಾರ ರಾಯರು ಪುಟ ತೆರೆದ ಠೀವಿಗೆ ಸಾಹೇಬರೇ ತಲೆದೂಗಿದರು. ಬೆಳಗಿನಿಂದ ತಲೆಯೆತ್ತದೆ ಟೈಪು ಮಾಡಿದರು. ಟೈಪಿಸ್ಟ್ ಅಮ್ಮ ಇನ್ನೂ ಅರ್ಧದಲ್ಲಿದ್ದಾಗಲೇ ರಾಯರ ವರದಿ ಮುಗಿಯಿತು. ಸಾಹೇಬರು ಬೆನ್ನ ಹಿಂದೆಯೇ ಬಂದು ನಿಂತರು. ರಾಯರು ಮೀಸೆಯಡಿಯಲ್ಲೇ ನಕ್ಕು ಪುಟವನ್ನು ಮುಚ್ಚಹೋದರು. ಚೌಕವೊಂದು ಪುಟಿದೆದ್ದಿತು. ಬೆರಳು ತನ್ನ ಕೆಲಸ ಮಾಡಿತು. ವರದಿ ಮಂಗಮಾಯವಾಯಿತು.

"ಏನ್ರೀ ಕೇಳಿತು ಅದು?" ಎಂದರು ಸಾಹೇಬರು, ಮೆಲ್ಲಗೆ.

"ದುಡ್ಡು ಸಾರ್. ಬೇಡ ಅಂದೆ."

ಬರೆದದ್ದನ್ನು ಇಟ್ಟುಕೊಳ್ಳಲೇ ಎಂದಷ್ಟೇ ಅದು ಕೇಳಿತ್ತು. ಇಟ್ಟುಕೊಳ್ಳುವ ವಿಧಾನ ಎರಡನೆಯ ಪಾಠದಲ್ಲಿತ್ತು. ಸಂಜೆಯೊಳಗೆ ಕುರ್ಚಿ ತನ್ನ ಚಕ್ರಗಳ ಮೇಲೆ ಉರುಳಿಕೊಂಡು ಟೈಪಿಸ್ಟ್ ಅಮ್ಮನ ಪಾಲಾಯಿತು.

ಮನೆಯ ಬಾಗಿಲಲ್ಲೇ ಹೆಂಡತಿ ಕುರ್ಚಿ ಏನಾಯಿತೆಂದು ಕೇಳಿದಳು. ರಾಯರು ಚಪ್ಪಲಿ ಬಿಡುತ್ತ, ತಲೆ ತಗ್ಗಿಸಿಕೊಂಡು, ತಾವೇ ಬೇಡ ಅಂದದ್ದಾಗಿ ಹೇಳಿದರು. ಅವಳಿಗೆ ಒಂದು ಕ್ಷಣ ಕಣ್ಣು ತುಂಬಿ ಬಂತು. ಇಂಥ ತ್ಯಾಗಿಯನ್ನು ಇಷ್ಟು ದಿನ ಆಡಿಕೊಂಡೆನಲ್ಲಾ ಎಂದು ಮರುಗಿದಳು.

"ಸಾಹೇಬ್ರು ಅಷ್ಟು ಕೇಳ್ಕೊಂಡ್ರೂ ಬೇಡ ಅಂದ್ರಾ?"

"ಸಾಹೇಬ್ರಲ್ಲ," ಎಂದರು ರಾಯರು. "ಕಂಪ್ಯೂಟರ್ ಕೇಳಿತು."