ಮೀರಾಳ ಮಡಿಲಕ್ಕಿ

ಎಡವಟ್ಟು ಶುರುವಾದದ್ದು ಒಂದು ಸ್ಟಿಕ್ಕರಿನಿಂದ.

ಶಾಂತರಾಜು ಕೊಳ್ಳೇಗಾಲದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಹನ್ನೊಂದು ವರ್ಷದಿಂದ ಟೆಕ್ನೀಷಿಯನ್. ಹನೂರಿನಿಂದ ದಿನಾ ಬಸ್ಸಿನಲ್ಲಿ ನಿಂತು ಹೋಗಿ ನಿಂತು ಬಂದು ಸಾಕಾಗಿ, ಕೊನೆಗೂ ಕೊಳ್ಳೇಗಾಲದಲ್ಲೇ ಒಂದು ಬಾಡಿಗೆ ಮನೆ ಹಿಡಿದಿದ್ದ. ಸಾಮಾನು ಕಟ್ಟುವ ಕೆಲಸವನ್ನೂ ಲ್ಯಾಬಿನ ಶಿಸ್ತಿನಲ್ಲೇ ಮಾಡಿದ. ಪಾತ್ರೆ, ಬಟ್ಟೆ, ಹಾಸಿಗೆಗಳನ್ನು ಹೆಂಡತಿ ರೂಪ ಹಿಂದಿನ ದಿನವೇ ಸಾಗಿಸಿದ್ದಳು. ಉಳಿದಿದ್ದದ್ದು ಮಂಚ, ಬೀರು ಮತ್ತು ಶಾಂತರಾಜುವಿನ ಪ್ರಾಣವಾದ ಹತ್ತು ಉಪಕರಣಗಳು: ಫೋನಿನ ಮಾತು ಕೇಳುವ ಆರು ಬಲ್ಬು, ಎರಡು ಪ್ಲಗ್ಗು, ಬಾಗಿಲಿಗೆ ಹಾಕುವ ಕ್ಯಾಮರಾ, ಇವೆಲ್ಲಕ್ಕೂ ಹುಕುಂ ಕೊಡುವ ಮಾತಾಡುವ ಸ್ಪೀಕರು. ಬೆಲ್ಲದ ಅಚ್ಚಿನಷ್ಟು ದಪ್ಪದ ಆ ಸ್ಪೀಕರಿನ ಹೆಸರು ಮೀರಾ. ಹೆಸರು ಹಿಡಿದು ಕರೆದರೆ ಹೆಣ್ಣು ದನಿಯಲ್ಲಿ, ಪಠ್ಯಪುಸ್ತಕದ ಕನ್ನಡದಲ್ಲಿ, "ಹೇಳಿ, ಕೇಳಿಸಿಕೊಳ್ಳುತ್ತಿದ್ದೇನೆ" ಎನ್ನುತ್ತಿತ್ತು.

ಒಂದೊಂದಕ್ಕೂ ಅವನು ಲ್ಯಾಬಿನಿಂದ ತಂದ ಸ್ಟಿಕ್ಕರು ಅಂಟಿಸಿದ. ಅದರಲ್ಲಿ ಹೆಸರು, ವಯಸ್ಸು, ಲಿಂಗ ಎಂದು ಮೊದಲೇ ಅಚ್ಚಾಗಿತ್ತು. ಬಲ್ಬುಗಳಿಗೆ ಲಿಂಗದ ಜಾಗದಲ್ಲಿ ಗೆರೆ ಎಳೆದ. ಸ್ಪೀಕರಿನ ಸರದಿ ಬಂದಾಗ ಹನ್ನೊಂದು ವರ್ಷದ ಅಭ್ಯಾಸದ ಕೈ ತಾನಾಗಿ ಬರೆಯಿತು: ಹೆಸರು ಮೀರಾ, ವಯಸ್ಸು 2, ಲಿಂಗ ಹೆ.

ಇವೆಲ್ಲ ಆ ದಿನವೇ ಹೊಸ ಮನೆಯಲ್ಲಿ ಕೆಲಸ ಮಾಡಲೇಬೇಕಿತ್ತು. ಮಾವ ಗುರುಸಿದ್ದಯ್ಯ ಯಳಂದೂರಿನವರು, ನಿವೃತ್ತ ಲೈನ್‌ಮನ್. "ಗೋಡೇಲಿ ಸ್ವಿಚ್ಚು ಇರುವಾಗ ಬಾಯಲ್ಲಿ ಯಾಕಪ್ಪ ದೀಪ ಹಚ್ಚದು?" ಎಂದು ಎರಡು ವರ್ಷದಿಂದ ಕೇಳುತ್ತಿದ್ದವರು. ಗೋಧೂಳಿ ಮುಹೂರ್ತದಲ್ಲಿ ಹಾಲು ಉಕ್ಕಿಸಿ ಮನೆ ತುಂಬುವಾಗ ಮನೆಯ ದೀಪವೆಲ್ಲ ಒಂದೇ ಮಾತಿಗೆ ಹತ್ತುತ್ತವೆ ಎಂದು ಶಾಂತರಾಜು ಅವರಿಗೆ ಮಾತು ಕೊಟ್ಟುಬಿಟ್ಟಿದ್ದ. ರೂಪ ಅದಕ್ಕೊಂದು ಷರತ್ತು ಸೇರಿಸಿದ್ದಳು: "ಹತ್ತದೆ ಇದ್ರೆ ಅಷ್ಟನ್ನೂ ಮೂಟೆ ಕಟ್ಟಿ ಅಟ್ಟಕ್ಕೆ ಹಾಕ್ತೀನಿ. ಆಮೇಲೆ ಮಾತಾಡಂಗಿಲ್ಲ."

ಬೆಳಿಗ್ಗೆ ಹತ್ತಕ್ಕೆ ಮಣಿಕಂಠನ ಟೆಂಪೊ ಬಂತು. ಮಂಚ, ಬೀರು ಏರಿದವು. ಶಾಂತರಾಜು ಉಪಕರಣಗಳ ರಟ್ಟಿನ ಪೆಟ್ಟಿಗೆ ಹಿಡಿದು ಹನೂರಿನ ಬಾಡಿಗೆ ಮನೆಯ ಮಹಡಿಯಿಂದ ಇಳಿದ. ಕೆಳಗೆ ಮನೆಯ ಯಜಮಾನಿ ಚನ್ನಾಜಮ್ಮ ಹೊಸ್ತಿಲಿಗೆ ಅರಿಸಿನ ಹಚ್ಚುತ್ತಿದ್ದರು.

ಚನ್ನಾಜಮ್ಮನಿಗೂ ಮೀರಾಳಿಗೂ ಬಹಳ ಬಳಕೆ. ದಿನಾ ಮಧ್ಯಾಹ್ನ ಮಹಡಿ ಹತ್ತಿ ಬಂದು ತಿಥಿ, ನಕ್ಷತ್ರ, ಮಳೆ ಎಲ್ಲ ವಿಚಾರಿಸಿ, ಕೊನೆಗೆ "ಉಂಡ್ಯವ್ವ?" ಎಂದು ಕೇಳಿ, "ಕ್ಷಮಿಸಿ, ನನಗೆ ಅರ್ಥವಾಗಲಿಲ್ಲ" ಎಂಬ ಉತ್ತರ ಪಡೆದು, ಪಾಪ ಎಷ್ಟು ಸಂಕೋಚದ ಮಗು ಎಂದುಕೊಂಡು ಇಳಿಯುತ್ತಿದ್ದರು.

"ಎಲ್ಲಿ, ಅವಳ ಮಕ ಒಂದ್ಸಲ ತೋರ್ಸು," ಎಂದು ಚನ್ನಾಜಮ್ಮ ಪೆಟ್ಟಿಗೆಗೆ ಕೈ ಹಾಕಿದರು. ಸ್ಪೀಕರು ತೆಗೆದು, ಕನ್ನಡಕ ಏರಿಸಿ, ಸ್ಟಿಕ್ಕರನ್ನು ಅಕ್ಷರ ಕೂಡಿಸಿ ಓದಿದರು. ಆಮೇಲೆ ಹೊಸ್ತಿಲಿಗೆ ಅಡ್ಡವಾಗಿ ಕೂತರು.

"ಇವತ್ತು ಯಾವ ವಾರ ಕಣಪ್ಪ?"

"ಶುಕ್ರವಾರ ಕಣವ್ವ."

"ಸುಕ್ರವಾರ ಮನೆ ಎಣ್ಮಗಳ್ನ ಆಚೆಗೆ ಕಳ್ಸದುಂಟಾ? ನಮ್ ಮನೆ ಲಕ್ಷ್ಮಿನೇ ಎದ್ದೋಯ್ತಳೆ."

"ಅವ್ವ, ಅದು ಮಿಷನ್ನು."

"ನೀನೇ ಬರ್ದಿದ್ದೀಯಲ್ಲ ಎಣ್ಣು ಅಂತ. ನಾನೇನು ಬರೆದ್ನಾ?"

ತಾನು ಅಂಟಿಸಿದ ಸ್ಟಿಕ್ಕರನ್ನು ತಾನೇ ತಪ್ಪು ಎಂದು ಒಪ್ಪಿಕೊಂಡ ಉದಾಹರಣೆ ಶಾಂತರಾಜುವಿನ ವೃತ್ತಿಜೀವನದಲ್ಲಿ ಇರಲಿಲ್ಲ.

ಎದುರು ಮನೆಯ ಪುಟ್ಟಮಲ್ಲಪ್ಪ ಟವೆಲ್ಲು ಹೆಗಲ ಮೇಲೆ ಹಾಕಿಕೊಂಡು ರಸ್ತೆ ದಾಟಿ ಬಂದರು. ಎಲ್ಲಿ ಮಾತು ಗಟ್ಟಿಯಾಗುತ್ತದೋ ಅಲ್ಲಿಗೆ ಸಕ್ಕರೆಗೆ ಇರುವೆ ಬಂದ ಹಾಗೆ ಬರುವವರು ಅವರು. ವಿಷಯ ಕೇಳಿಕೊಂಡು, "ಅಮ್ಮ ಯೇಳದು ನ್ಯಾಯವಾಗೇ ಅದೆ," ಎಂದರು.

"ಅಣ್ಣ, ನೀವೂ ಹಿಂಗಂದ್ರೆ ಹೆಂಗೆ? ಸಂಜೆ ಒಳಗೆ ಇದು ಅಲ್ಲಿರಬೇಕು. ಅಲ್ಲಿ ಮಾವ ಗಡಿಯಾರ ನೋಡ್ತಾ ಕೂತವ್ರೆ."

"ತಡ್ಕಳ್ಳಿ, ಯಾಕ್ ಅವಸರ? ದಾರಿ ಇಲ್ದೆ ಇರದಾ?" ಪುಟ್ಟಮಲ್ಲಪ್ಪ ಗದ್ದ ಕೆರೆದುಕೊಂಡರು. "ತವರೋರು ಮಗಳ್ನ ಒಬ್ಬಳ್ನೇ ಕಳ್ಸದು ತಪ್ಪು. ತಾಯಿನೇ ಜೊತೇಲಿ ಓದ್ರೆ? ಅದು ಕಳ್ಸದಲ್ಲ, ಕರ್ಕಂಡೋಗದು. ಏನ್ ಚನ್ನಾಜಮ್ಮ?"

ಚನ್ನಾಜಮ್ಮ ಯೋಚಿಸಿದರು. "ಓಗ್ಬೋದು. ಆದ್ರೆ ಇವಳು ನಮ್ ಮನೆ ಮಗ್ಳು ಅಂತ ಶಾಂತರಾಜು ಬಾಯ್ಬಿಟ್ಟು ಒಪ್ಕಬೇಕು."

"ಸಾ, ಒಪ್ಕಳಿ ಸಾ," ಎಂದು ಟೆಂಪೊದಿಂದ ಮಣಿಕಂಠ ಕೂಗಿದ. "ನಂಗೆ ಸಂಜೆಗೆ ಇನ್ನೊಂದು ಬಾಡಿಗೆ ಅದೆ."

ಒಪ್ಪಿದರೆ ಹೋಗುವುದೇನು? ಪ್ರಮೇಯ ಸಾಧಿಸಲು ಎಷ್ಟೋ ಸಲ ಸುಳ್ಳನ್ನು ನಿಜವೆಂದು ಇಟ್ಟುಕೊಂಡೇ ಹೊರಡುತ್ತಾರೆ ಎಂದು ಶಾಂತರಾಜು ಬಿ.ಎಸ್ಸಿ.ಯಲ್ಲಿ ಓದಿದ್ದ. "ನಿಮ್ಮ ಮನೆ ಮಗಳೇ ಕಣವ್ವ," ಎಂದ.

ಅಷ್ಟರಲ್ಲಿ ಹತ್ತೂವರೆಯಾಗಿತ್ತು. ಶುಕ್ರವಾರದ ರಾಹುಕಾಲ ಹನ್ನೆರಡರವರೆಗೆ ಎಂದು ಪುಟ್ಟಮಲ್ಲಪ್ಪ ನೆನಪಿಸಿದರು. ಹನ್ನೆರಡಾದ ಮೇಲೆ, ಉಣ್ಣದೆ ಹೊರಡುವ ಹಾಗಿಲ್ಲ ಎಂದು ಚನ್ನಾಜಮ್ಮ ಒಲೆ ಹೊತ್ತಿಸಿದರು. ಮುದ್ದೆ, ಅವರೆಕಾಳು ಸಾರು ಆಗುವಷ್ಟರಲ್ಲಿ ಎರಡು. ಆಮೇಲೆ ಮಡಿಲು ತುಂಬುವ ಶಾಸ್ತ್ರ. ಹೊಸ ರವಿಕೆ ಕಣ ಹಾಸಿ, ಮೀರಾಳನ್ನು ಅದರ ಮೇಲೆ ಕೂರಿಸಿ, ಅಕ್ಕಿ, ಕೊಬ್ಬರಿ, ಬೆಲ್ಲ, ವೀಳ್ಯದೆಲೆ ಇಟ್ಟರು. ನೆತ್ತಿಗೆ ಅರಿಸಿನ ಬಳಿದು, ಕುಂಕುಮವನ್ನು ಧಾರಾಳವಾಗಿ ಹಚ್ಚಿದರು. ಸ್ಪೀಕರಿನ ನೆತ್ತಿಯಲ್ಲಿ ಸೂಜಿಮೊನೆಯಷ್ಟು ಸಣ್ಣ ನಾಲ್ಕು ತೂತುಗಳಿದ್ದವು. ಅವು ಅದರ ಕಿವಿಗಳು.

"ಅವ್ವ, ಅಲ್ಲಿ ಬೇಡ ಕಣವ್ವ, ಕೇಳ್ಸದಿಲ್ಲ ಅದ್ಕೆ."

"ಮತ್ ಎಲ್ಲಿ ಇಡ್ಲಪ್ಪ? ಹಣೆ ಎಲ್ಲದೆ ತೋರ್ಸು."

ತೋರಿಸಲು ಆಗಲಿಲ್ಲ.

ಮೂರೂವರೆಗೆ ಟೆಂಪೊ ಹೊರಟಿತು. ಚನ್ನಾಜಮ್ಮ ಮಡಿಲಲ್ಲಿ ಮೀರಾಳನ್ನು ಇಟ್ಟುಕೊಂಡು ಮುಂದೆ ಕೂತರು. ಶಾಂತರಾಜು ಹಿಂದೆ, ಮಂಚದ ಕಾಲಿಗೂ ಬೀರುವಿಗೂ ನಡುವೆ, ಒಣಹಾಕಿ ಮರೆತ ಬಟ್ಟೆಯ ಹಾಗೆ ಜೋತಾಡುತ್ತ ನಿಂತ. ಕಾಮಗೆರೆಯಲ್ಲಿ ಟೆಂಪೊ ನಿಂತಿತು. ಅಲ್ಲಿ ಚನ್ನಾಜಮ್ಮನ ತಂಗಿ ದೊಡ್ಡಮಾದಮ್ಮ ಇದ್ದರು; ಚಿಕ್ಕಮ್ಮನಿಗೆ ತೋರಿಸದೆ ಹುಡುಗಿಯನ್ನು ಕರೆದುಕೊಂಡು ಹೋಗುವುದು ಹೇಗೆ? ದೊಡ್ಡಮಾದಮ್ಮ ಮೀರಾಳನ್ನು ತಿರುಗಿಸಿ ನೋಡಿ, "ಕಪ್ಪಾದ್ರೂ ಲಕ್ಷಣವಾಗವ್ಳೆ," ಎಂದು ಇನ್ನೊಂದು ಸುತ್ತು ಕುಂಕುಮ ಹಚ್ಚಿದರು. ಕಾಪಿ ಕುಡಿಯದೆ ಬಿಡಲಿಲ್ಲ.

ಕೊಳ್ಳೇಗಾಲದ ಮನೆ ತಲುಪಿದಾಗ ಐದೂಕಾಲು. ಬಾಗಿಲಲ್ಲಿ ರೂಪ ಹಾಲಿನ ಪಾತ್ರೆ ಹಿಡಿದು ನಿಂತಿದ್ದಳು. ಗುರುಸಿದ್ದಯ್ಯ ಕುರ್ಚಿ ಹಾಕಿಕೊಂಡು ಕೂತಿದ್ದರು. ಚನ್ನಾಜಮ್ಮ ಯಾಕೆ ಬಂದರೆಂದು ಯಾರೂ ಕೇಳಲಿಲ್ಲ. ಹೆಂಗಸರು ಮಡಿಲಕ್ಕಿ ಹಿಡಿದು ಬಂದರೆ ಕೇಳುವ ಪದ್ಧತಿಯಿಲ್ಲ.

ಶಾಂತರಾಜು ಏಣಿ ಏರಿದ. ಈ ಗಳಿಗೆಗಾಗಿ ಅವನು ಒಂದು ಉಪಾಯ ಮಾಡಿಟ್ಟಿದ್ದ. ಇಂಥ ಸಾಮಾನನ್ನು ಬೇರೆ ಮನೆಗೆ ತಂದರೆ ಹೊಸ ವೈಫೈಗೆ ಒಂದೊಂದನ್ನೂ ಮೊದಲಿನಿಂದ ಪರಿಚಯ ಮಾಡಿಸಬೇಕು. ಹತ್ತಕ್ಕೆ ಅರ್ಧ ದಿನ ಹಿಡಿಯುತ್ತದೆ. ಅದಕ್ಕೆ ಅವನು ಹೊಸ ಮನೆಯ ವೈಫೈಗೆ ಹನೂರಿನ ಮನೆಯ ವೈಫೈ ಹೆಸರನ್ನೇ, ಅದೇ ಪಾಸ್‌ವರ್ಡನ್ನೇ ಇಟ್ಟಿದ್ದ. ಉಪಕರಣಗಳಿಗೆ ಮನೆ ಬದಲಾದದ್ದೇ ಗೊತ್ತಾಗುವುದಿಲ್ಲ. ಹಾಗೇ ಆಯಿತು. ಬಲ್ಬುಗಳನ್ನು ಹಾಕಿದ್ದೇ ತಡ, ಆರೂ ಫೋನಿನಲ್ಲಿ ಹಾಜರಿ ಹೇಳಿದವು. ಯಾರೂ ಮರೆತು ಆರಿಸದಿರಲೆಂದು ಗೋಡೆಯ ಸ್ವಿಚ್ಚುಗಳ ಮೇಲೆ ಲ್ಯಾಬಿನ ಟೇಪು ಅಂಟಿಸಿದ. ಗುರುಸಿದ್ದಯ್ಯ ಆ ಟೇಪನ್ನು, ಗೆಳೆಯನ ಬಾಯಿಗೆ ಬಟ್ಟೆ ತುರುಕಿದ್ದನ್ನು ನೋಡುವ ಹಾಗೆ ನೋಡಿದರು.

ಗೋಧೂಳಿ ಬಂತು. ಹಾಲು ಉಕ್ಕಿತು. ಎಲ್ಲರೂ ಹಜಾರದಲ್ಲಿ ವಯರು ಸಿಗಿಸಿಟ್ಟಿದ್ದ ಮೀರಾಳ ಮುಂದೆ ಬಂದು ನಿಂತರು. ಶಾಂತರಾಜು ಗಂಟಲು ಸರಿಮಾಡಿಕೊಂಡು, "ಮೀರಾ, ದೀಪ ಹಚ್ಚು," ಎಂದ.

ಏನೂ ಆಗಲಿಲ್ಲ.

"ಮೀರಾ, ದೀಪ ಹಚ್ಚು."

ಗುರುಸಿದ್ದಯ್ಯ ಎದ್ದು ಟೇಪಿನ ಒಂದು ತುದಿ ಹಿಡಿದರು. ರೂಪ ಅಟ್ಟದ ಕಡೆ ಕಣ್ಣಾಡಿಸಿದಳು. ಶಾಂತರಾಜು ಬಾಗಿ ನೋಡಿದ. ನಾಲ್ಕು ಕಿವಿಯಲ್ಲೂ ಎರಡೂರಿನ ಕುಂಕುಮ ತುಂಬಿ ಗಾರೆಯಾಗಿತ್ತು. ಪಿನ್ನು ಹುಡುಕಲು ಜೇಬಿಗೆ ಕೈ ಹಾಕಿದಾಗ ಚನ್ನಾಜಮ್ಮ ಅವನನ್ನು ಪಕ್ಕಕ್ಕೆ ಸರಿಸಿದರು.

"ಎಂಗ್ ಕರೀತಿಯ ನೋಡು, ಬ್ಯಾಂಕ್ನೋರು ಕರ್ದಂಗೆ," ಎಂದವರೇ, ಹೊಲದ ಈ ಬದುವಿನಿಂದ ಆ ಬದುವಿಗೆ ಕೂಗುವ ಗಂಟಲಲ್ಲಿ, "ಮೀರವ್ವಾ, ದೀಪ ಅಚ್ಚವ್ವಾ," ಎಂದರು.

"ಆಗಲಿ," ಎಂದಿತು ಮೀರಾ. ಆರು ದೀಪವೂ ಒಟ್ಟಿಗೆ ಹತ್ತಿಕೊಂಡವು.

ಗುರುಸಿದ್ದಯ್ಯ ಟೇಪು ಬಿಟ್ಟರು. ಒಂದೊಂದು ಕೋಣೆಗೂ ಹೋಗಿ ನೋಡಿ ಬಂದು, "ಪರವಾಗಿಲ್ಲ ಕಣಪ್ಪ," ಎಂದರು. ಎರಡು ವರ್ಷದಲ್ಲಿ ಅಳಿಯನಿಗೆ ಸಿಕ್ಕ ಮೊದಲ ಸರ್ಟಿಫಿಕೇಟು ಅದು. ಶಾಂತರಾಜುವಿಗೆ ಬೆಳಗಿನಿಂದ ಪಟ್ಟದ್ದೆಲ್ಲ ಮರೆತುಹೋಯಿತು.

ಹೋಳಿಗೆ ತಿಂದು ಕೈ ತೊಳೆದ ಚನ್ನಾಜಮ್ಮ ಸೆರಗಿಗೆ ಕೈ ಒರೆಸುತ್ತ, "ಸರಿ, ಮಣಿಕಂಠ ಆ ಕಡೆಗೇ ಬಾಡಿಗೆ ಓಯ್ತಾವ್ನಂತೆ. ನಾವ್ ಒಂಟ್ವಿ. ಮಗೀನ ಕೊಡು," ಎಂದರು.

"ಯಾವ ಮಗು?"

"ಮೀರವ್ವನ. ಸೋಮವಾರದಿಂದ ಆಷಾಡ ಅಲ್ವಾ? ಮೊದಲ ಆಷಾಡ ಎಣ್ಮಗ್ಳು ತವರಲ್ಲೇ ಇರಬೇಕು. ನಾಳೆ ಶನಿವಾರ, ನಾಡಿದ್ದು ಅಮಾಸೆ. ಇವತ್ತೇ ಕರ್ಕಂಡೋಯ್ತೀನಿ."

ಶಾಂತರಾಜು ಕೂತಲ್ಲಿಂದ ಎದ್ದ. "ಅವ್ವ, ಇವತ್ತು ಶುಕ್ರವಾರ. ಹೆಣ್ಣುಮಗಳನ್ನ ಮನೆಯಿಂದ ಕಳಿಸಬಾರದು ಅಂತ ಬೆಳಿಗ್ಗೆ ನೀವೇ ಅಂದ್ರಿ."

"ತವರಿಂದ ಕಳ್ಸಬಾರ್ದು ಕಣಪ್ಪ. ತವರಿಗೆ ಕಳ್ಸಬೋದು."

ಗುರುಸಿದ್ದಯ್ಯ ತಲೆಯಾಡಿಸಿದರು. "ಶಾಸ್ತ್ರ ಸರಿಯಾಗೇ ಅದೆ. ಮಗಳು ಅಂತ ಒಪ್ಕಂಡ ಮೇಲೆ ಮುಗೀತು."

ರೂಪ ಕೇಳಿದಳು: "ಆಷಾಢಕ್ಕೆ ತವರಿಗೆ ಹೋಗದು ಮದುವೆಯಾದೋರು ಅಲ್ವಾ ಅವ್ವ? ಇವಳ ಗಂಡ ಯಾರು?"

ಚನ್ನಾಜಮ್ಮ ಶಾಂತರಾಜುವನ್ನು ನೋಡಿದರು. ಗುರುಸಿದ್ದಯ್ಯ ನೋಡಿದರು. ಬಾಗಿಲಲ್ಲಿ ಹೋಳಿಗೆ ಜಗಿಯುತ್ತಿದ್ದ ಮಣಿಕಂಠನೂ ನೋಡಿದ.

ರೂಪ ಒಂದೇ ಎಳೆತಕ್ಕೆ ಮೀರಾಳ ವಯರು ಕಿತ್ತು, ನೀಟಾಗಿ ಸುತ್ತಿ, ರವಿಕೆ ಕಣದ ಸಮೇತ ಚನ್ನಾಜಮ್ಮನ ಮಡಿಲಿಗೆ ಹಾಕಿದಳು. "ಕರ್ಕಂಡೋಗಿ ಅವ್ವ. ನಿಧಾನಕ್ಕೆ ಕಳ್ಸಿ."

ಶಾಂತರಾಜು ವಾದಿಸಲಿಲ್ಲ. ವಾದಿಸಿದಷ್ಟೂ ಅವನು ಗಂಡನಾಗುತ್ತಿದ್ದ. ಹೋಗಲಿ, ಒಂದು ತಿಂಗಳ ಮಾತು. ಅಲ್ಲಿಯವರೆಗೆ ದೀಪಗಳನ್ನು ಫೋನಿನಿಂದ ಹಚ್ಚಿದರಾಯಿತು, ಮಾವನ ಸರ್ಟಿಫಿಕೇಟಂತೂ ಸಿಕ್ಕಿತು ಎಂದು ಸಮಾಧಾನ ಮಾಡಿಕೊಂಡು ಊಟಕ್ಕೆ ಕೂತ.

ಎಂಟೂಕಾಲಿಗೆ, ಗುರುಸಿದ್ದಯ್ಯ ಎರಡನೇ ಸಲ ಅನ್ನಕ್ಕೆ ಸಾರು ಹಾಕಿಸಿಕೊಳ್ಳುತ್ತಿದ್ದಾಗ, ಮನೆಯ ಆರು ದೀಪವೂ ಒಟ್ಟಿಗೆ ಆರಿದವು. ರೂಪಳ ಸೌಟು ಅಂದಾಜಿನ ಮೇಲೆ ನಡೆಯಿತು. "ನನ್ ಪಂಚೆ ಮೇಲೆ ಬಿತ್ತು ಕಣವ್ವ," ಎಂದರು ಗುರುಸಿದ್ದಯ್ಯ ಕತ್ತಲೆಯಲ್ಲಿ.

ಕರೆಂಟು ಹೋಗಿರಲಿಲ್ಲ, ಫ್ಯಾನು ತಿರುಗುತ್ತಿತ್ತು. ಶಾಂತರಾಜು ಎಡಗೈಯಲ್ಲಿ ಫೋನು ತೆಗೆದು ನೋಡಿದ. 'ದೀಪ ಆರಿಸಲಾಗಿದೆ. ಆಜ್ಞೆ: ಮೀರಾ' ಎಂದಿತ್ತು. ಅವನ ಬಾಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಹನೂರಿನ ಮನೆಯ ಇಂಟರ್ನೆಟ್ ಡಬ್ಬಿಯನ್ನು ಕಂಪನಿಯವರು ಇನ್ನೂ ಬಿಚ್ಚಿಕೊಂಡು ಹೋಗಿರಲಿಲ್ಲ. ಎರಡೂ ಮನೆಯ ವೈಫೈಗೆ ಒಂದೇ ಹೆಸರು, ಒಂದೇ ಪಾಸ್‌ವರ್ಡು. ಬಲ್ಬುಗಳಿಗೆ ಹುಕುಂ ಹೋಗುವುದು ಇಂಟರ್ನೆಟ್ಟಿನ ಮೂಲಕ, ಅದಕ್ಕೆ ದೂರ ಲೆಕ್ಕಕ್ಕಿಲ್ಲ. ಮೀರಾ ಅಲ್ಲಿಂದಲೇ ಸಂಸಾರ ನಡೆಸುತ್ತಿದ್ದಳು.

ಅವನು ಚನ್ನಾಜಮ್ಮನಿಗೆ ಫೋನು ಮಾಡಿದ.

"ಅವ್ವ, ಮೀರಾಗೆ ಏನಾದ್ರೂ ಹೇಳುದ್ರಾ?"

"ಏನಿಲ್ಲ ಕಣಪ್ಪ. ನಿನ್ ಮಹಡೀಲೇ ವಯರು ಸಿಗ್ಸಿ ಮಡಗಿವ್ನಿ, ಒಬ್ಬಳೇ ಬೆದರ್ಕಂಡಾಳು ಅಂತ ನಾನೂ ಇಲ್ಲೇ ಚಾಪೆ ಆಕಂಡಿವ್ನಿ. ದೀಪ ಆರ್ಸಿ ಮಲಿಕ್ಕವ್ವ ಅಂದೆ. ಆಗಲಿ ಅಂದ್ಲು."

"ಅವ್ವ, ನೀವು ಆರ್ಸು ಅಂದ್ರೆ ಇಲ್ಲಿ ಕೊಳ್ಳೇಗಾಲದಲ್ಲಿ ನಮ್ಮನೆ ದೀಪ ಆರೋಯ್ತದೆ. ಇನ್ನೂ ಉಣ್ತಾ ಇದ್ದೀವಿ."

ಚನ್ನಾಜಮ್ಮನ ದನಿಗೆ ಸಮಾಧಾನ ಬಂತು.

"ಒಳ್ಳೇದೇ ಆಯ್ತಲ್ಲಪ್ಪ. ನೀನಿಲ್ಲಿದ್ದಾಗ ನಡುರಾತ್ರಿ ಗಂಟ ದೀಪ ಉರ್ಸ್ತಿದ್ದೆ, ಯೇಳಕ್ಕೆ ನಂಗೆ ಸಂಕೋಚ. ಬೇಗ ಉಂಡು ಮಲಿಕ್ಕಳಿ. ಬೆಳಿಗ್ಗೆ ನಾಕು ಗಂಟೆಗೆ ನಾನೇ ಅಚ್ಚುಸ್ತೀನಿ."