ಚಿಕ್ಕತ್ತೆ ಹಾಡು ಮಾಡಿಸಿದ್ದು

ನಮ್ಮ ಚಿಕ್ಕತ್ತೆಗೆ ಸಂಗೀತ ಬರುವುದಿಲ್ಲ ಎಂದರೆ ಅದು ತೀರಾ ಮರ್ಯಾದೆಯ ಮಾತಾಯಿತು. ಹಾಡಲು ಬಾರದವರು ಬೇಕಾದಷ್ಟು ಜನ ಇದ್ದಾರೆ, ನಮ್ಮವರೂ ಅವರಲ್ಲೊಬ್ಬರು. ಆದರೆ ಚಿಕ್ಕತ್ತೆಗೆ ಒಂದು ಹಾಡಿಗೂ ಇನ್ನೊಂದು ಹಾಡಿಗೂ ಇರುವ ವ್ಯತ್ಯಾಸವೇ ತಿಳಿಯುವುದಿಲ್ಲ! ಮಂಗಳಾರತಿ ಹಾಡು ಶುರುವಾಗಿದೆ ಎಂದು ಅವರಿಗೆ ಗೊತ್ತಾಗುವುದು ತಟ್ಟೆ ಮೂಗಿನ ಹತ್ತಿರ ಬಂದಾಗ. ಲಾಲಿ ಹಾಡೋ, ಚುನಾವಣೆ ಪ್ರಚಾರದ ಹಾಡೋ ಎಂಬುದನ್ನು ಮಗು ಮಲಗಿತೇ, ಎದ್ದು ಅತ್ತಿತೇ ಎಂದು ನೋಡಿ ತೀರ್ಮಾನಿಸುತ್ತಾರೆ. ಇಂಥ ಚಿಕ್ಕತ್ತೆ ಹೋದ ವರ್ಷ ಮ್ಯೂಸಿಕ್ ಪ್ರೊಡ್ಯೂಸರ್ ಆದರು.

ನಗಬೇಡಿ. ನಗುವುದನ್ನೆಲ್ಲ ನಾನಾಗಲೇ ನಕ್ಕು ಮುಗಿಸಿದ್ದೇನೆ.

ಚಿಕ್ಕತ್ತೆ ಎಂದರೆ ನಮ್ಮ ಅತ್ತೆಯ ತಂಗಿ. ಗುಬ್ಬಿಯ ಒಂದು ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಪಿ.ಟಿ. ಟೀಚರ್ ಆಗಿದ್ದವರು. ಅವರು ರಿಟೈರಾದರು, ಅವರ ವಿಷಲ್ ಆಗಲಿಲ್ಲ. ಮೈಸೂರು ಸಿಲ್ಕ್ ಸೀರೆಯ ಕೆಳಗೂ ಬಿಳಿ ಕ್ಯಾನ್ವಾಸ್ ಶೂ ಹಾಕುತ್ತಾರೆ. ಮದುವೆ ಮನೆಯಲ್ಲಿ ಎರಡನೇ ಪಂಕ್ತಿಯವರು ಏಳುವುದು ತಡವಾದರೆ ಸೊಂಟದಿಂದ ವಿಷಲ್ ತೆಗೆದು ಒಮ್ಮೆ ಊದುತ್ತಾರೆ ನೋಡಿ, ಪಾಯಸ ಕುಡಿಯುತ್ತಿದ್ದವರೂ ಸಾಲಾಗಿ ಎದ್ದು ಕೈ ತೊಳೆಯಲು ಹೋಗುತ್ತಾರೆ!

ಒಂದು ಬೆಳಿಗ್ಗೆ ತುಮಕೂರಿನ ನಮ್ಮ ಮನೆಗೆ ಸ್ಕೂಟರಿನಲ್ಲಿ ಬಂದವರು ಕಾಫಿ ಲೋಟ ಕೈಗೆ ತಗೊಂಡು, "ನಾನೊಂದು ಹಾಡು ರೆಕಾರ್ಡ್ ಮಾಡಿಸ್ತೀನಿ ಕಣೇ," ಎಂದರು.

ಪೇಪರಿನ ಹಿಂದಿನಿಂದ ನಮ್ಮವರು, "ಯಾರ್ ಹಾಡೋದು ಚಿಕ್ಕಮ್ಮ? ನೀವಾ? ಹಂಗಾದ್ರೆ ಪಕ್ಕದ್ಮನೆಯವ್ರಿಗೆ ಮೊದ್ಲೇ ಹೇಳ್ಬುಡ್ತೀನಿ," ಎಂದರು.

"ನೀನು ಸುಮ್ನಿರ್ಲಾ. ಐದನೇ ಕ್ಲಾಸಲ್ಲಿ ಚೀಲದ ಓಟದಲ್ಲಿ ಕೊನೇಗ್ ಬಂದೋನು."

ಪೇಪರು ಮತ್ತೆ ಮೇಲೆ ಹೋಯಿತು. ಚಿಕ್ಕತ್ತೆ ನನಗೆ ಕಥೆ ಹೇಳಿದರು.

ಇಪ್ಪತ್ತೆರಡು ವರ್ಷದ ಹಿಂದೆ ಅವರ ಶಾಲೆಯಲ್ಲಿ ಮಂಜುಳಾ ಎಂಬ ಹುಡುಗಿ ಇದ್ದಳಂತೆ. ದಿನಾ ಪ್ರಾರ್ಥನೆ ಹಾಡುತ್ತಿದ್ದವಳು ಅವಳೇ. ತುಮಕೂರಿನಲ್ಲಿ ಹಾಡಿನ ಸ್ಪರ್ಧೆಗೆ ಅವಳ ಹೆಸರು ಹೋಗಿತ್ತು. ಗೆದ್ದವರ ಹಾಡನ್ನು ಕ್ಯಾಸೆಟ್ ಮಾಡುತ್ತಾರೆ ಎಂದು ಶಾಲೆಯಲ್ಲೆಲ್ಲ ಸುದ್ದಿ. ಆದರೆ ಅದೇ ದಿನ ನಿಟ್ಟೂರಿನಲ್ಲಿ ಖೋ ಖೋ ಮ್ಯಾಚು. ಬೆಳಿಗ್ಗೆ ನೋಡಿದರೆ ಟೀಮಿನ ಗೀತಾಗೆ ಜ್ವರ! ಹನ್ನೆರಡು ಜನರ ಪಟ್ಟಿಗೆ ಒಬ್ಬಳು ಕಡಿಮೆ. ಚಿಕ್ಕತ್ತೆ ಹಿಂದೆ ಮುಂದೆ ನೋಡದೆ ಗುಬ್ಬಿ ಬಸ್‌ ಸ್ಟ್ಯಾಂಡಿನಲ್ಲಿ ಮಂಜುಳಾಳನ್ನು ತುಮಕೂರಿನ ಬಸ್ಸಿನ ಬದಲು ನಿಟ್ಟೂರಿನ ಬಸ್ಸಿಗೆ ಹತ್ತಿಸಿಬಿಟ್ಟರು.

"ಮ್ಯಾಚ್ ಗೆದ್ರಾ?" ಎಂದೆ.

"ಗೆದ್ವಿ. ಅವಳನ್ನ ಆಡಿಸ್ಲೇ ಇಲ್ಲ ಕಣೇ. ದಿನವೆಲ್ಲ ಬ್ಯಾಗ್ ಕಾಯ್ಕೊಂಡ್ ಕೂತಿದ್ಲು."

ಆ ಮಂಜುಳಾ ಈಗ ಕುಣಿಗಲ್ಲಿನಲ್ಲಿ ರವಿಕೆ ಹೊಲಿಯುವ ಅಂಗಡಿ ಇಟ್ಟುಕೊಂಡಿದ್ದಾಳೆ. ಯಾರದೋ ನಾಮಕರಣಕ್ಕೆ ಹೋದ ಚಿಕ್ಕತ್ತೆ ಅಂಗಡಿಯ ಮುಂದೆ ಹಾದುಹೋಗುವಾಗ ಮೆಷಿನ್ ತುಳಿಯುತ್ತಾ ಅವಳು ಹಾಡಿಕೊಳ್ಳುತ್ತಿದ್ದುದನ್ನು ನೋಡಿದರಂತೆ. ಕೇಳಿದರಂತೆ ಎಂದು ನಾನು ಬರೆಯಲಾರೆ.

"ಚೆನ್ನಾಗ್ ಹಾಡ್ತಾಳೆ ಅಂತ ನಿಮಗೆ ಹೇಗೆ ಗೊತ್ತಾಯ್ತು ಚಿಕ್ಕತ್ತೆ?"

"ಅಂಗಡೀಲಿ ಮೂರು ಹೆಂಗಸ್ರು ಕೂತಿದ್ರು ಕಣೇ. ಮೂವರೂ ಬಾಯಿ ಮುಚ್ಕೊಂಡ್ ಕೂತಿದ್ರು!"

ಇದಕ್ಕಿಂತ ಪುರಾವೆ ಬೇಕೇ? ರವಿಕೆ ಹೊಲಿಸಲು ಬಂದ ಮೂರು ಹೆಂಗಸರು ಮಾತು ನಿಲ್ಲಿಸಿದ್ದಾರೆ ಎಂದರೆ ಒಳಗೆ ಹಾಡುತ್ತಿರುವವಳು ಸಾಮಾನ್ಯಳಲ್ಲ.

"ಆ ಮಗೂಗೆ ಬರ್ಬೇಕಾದ ಕ್ಯಾಸೆಟ್ಟು ನನ್ನಿಂದ ತಪ್ಪೋಯ್ತು. ಈಗ ಮಾಡಿಸ್ಕೊಡ್ತೀನಿ. ಕೈಕಾಲು ಗಟ್ಟಿ ಇರೋವಾಗ್ಲೇ ಮಾಡಿಸ್ಬೇಕು," ಎಂದು ಚಿಕ್ಕತ್ತೆ ಲೋಟ ಕೆಳಗಿಟ್ಟರು. ಅರ್ಧ ಕಾಫಿ ಹಾಗೇ ಇತ್ತು. ಕಾಫಿ ಬಿಡುವ ಜೀವವಲ್ಲ ಅದು. ಹಾಗಾಗಿ ಇದು ತಮಾಷೆಯ ಮಾತಲ್ಲ ಎಂದು ನನಗೆ ಅರ್ಥವಾಯಿತು.

ಕೂಡಲೇ ನಾನೂ ನೇಮಕವಾದೆ. "ನೀನು ಕಾನ್ವೆಂಟಲ್ಲಿ ಪಿಯಾನೋ ಪಕ್ಕ ನಿಂತು ಹಾಡ್ದೋಳು, ನಿಂಗೆ ಕಿವಿ ಐತೆ," ಎಂದರು. ನಾನು ನಿಂತಿದ್ದು ಎರಡನೇ ಸಾಲಿನ ಕೊನೆಯಲ್ಲಿ, ಹಾಡಿದ್ದು ಬರೀ "ಆ ಆ ಆ". ಮಾತುಗಳೆಲ್ಲ ಮೊದಲ ಸಾಲಿನವರಿಗೆ. ಅದನ್ನು ವಿವರಿಸುವಷ್ಟರಲ್ಲಿ ಸ್ಕೂಟರು ಗೇಟು ದಾಟಿತ್ತು.

ಮೊದಲನೇ ಪ್ರಯತ್ನ ಗುಬ್ಬಿಯ ಅವರ ಮನೆಯಲ್ಲೇ. ಸ್ಟುಡಿಯೋ ಯಾಕೆ, ಫೋನು ಸಾಲದೇ? ಗೋಡೆಗೆ ಬಟ್ಟೆ ಕಟ್ಟಿದರೆ ಸದ್ದು ಒಳಗೆ ಬರುವುದಿಲ್ಲ ಎಂದು ಯಾರೋ ಹೇಳಿದ್ದರಂತೆ. ನಡುಮನೆಯ ಕೋಣೆಗೆ ಅಡ್ಡಡ್ಡ ಹಗ್ಗ ಕಟ್ಟಿ, ಬೀರುವಿನ ಸೀರೆಗಳನ್ನೆಲ್ಲ ಇಳಿಬಿಟ್ಟು, ಮೇಲೆ ಅಕ್ಕಪಕ್ಕದ ಮನೆಯವರ ರಜಾಯಿಗಳನ್ನೂ ಹೊದಿಸಿದ್ದರು. ಒಳಗೆ ಕಾಲಿಟ್ಟರೆ ನುಸಿಗುಳಿಗೆಯ ವಾಸನೆಗೆ ಕಣ್ಣಲ್ಲಿ ನೀರು!

ಮಂಜುಳಾ ಬಂದಳು. ನಲವತ್ತಕ್ಕೆ ಹತ್ತಿರದ ಹೆಂಗಸು, ಕೊರಳಲ್ಲಿ ಮರೆತು ಹಾಕಿಕೊಂಡೇ ಬಂದಿದ್ದ ಟೇಪು, ಬೆರಳ ತುದಿಯಲ್ಲಿ ಸೂಜಿ ಚುಚ್ಚಿದ ಸಣ್ಣ ಕಪ್ಪು ಚುಕ್ಕೆಗಳು. ತಾಳಕ್ಕೆ ಊರ್ಡಿಗೆರೆಯಿಂದ ತಬಲ ಮೇಷ್ಟ್ರು ಬಂದಿದ್ದರು. ಇನ್ನು ಹಾಡುವುದೊಂದೇ ಬಾಕಿ. ಆದರೆ ಮನೆಗೆ ಬಂದವರನ್ನು ಊಟಕ್ಕೆ ಮೊದಲು ಹಾಡಿಸುವುದು ಯಾವ ಊರಿನ ಪದ್ಧತಿ? ನಾನು ಬೆಳಿಗ್ಗೆಯಿಂದ ತಟ್ಟಿದ ಹೋಳಿಗೆ, ಮೇಲೆ ತುಪ್ಪ. ಮೇಷ್ಟ್ರು ಐದು ಹಾಕಿಸಿಕೊಂಡು, ಆರನೆಯದನ್ನು ಬೇಡ ಬೇಡ ಎನ್ನುತ್ತಲೇ ತಿಂದು, ತಬಲದ ಪಕ್ಕದಲ್ಲಿ ರಜಾಯಿಗೆ ಒರಗಿದರು. ಅಷ್ಟೇ.

"ಮೇಷ್ಟ್ರು ಏಳೋವರ್ಗೂ ನೀನೊಬ್ಳೇ ಹಾಡಮ್ಮ," ಎಂದು ಮಂಜುಳಾಳನ್ನು ಸೀರೆಗಳ ನಡುವೆ ನಿಲ್ಲಿಸಿ ನಾವು ಹೊರಗೆ ಕೂತೆವು. ಐದು ನಿಮಿಷವಾಯಿತು, ಹತ್ತಾಯಿತು. ಸದ್ದಿಲ್ಲ. ಪರದೆ ಸರಿಸಿ ನೋಡಿದರೆ ನೆಲದ ಮೇಲೆ ಕೂತು ಸೂಜಿ ದಾರ ಹಿಡಿದಿದ್ದಾಳೆ!

"ಮಿಸ್, ಈ ಸೀರೆ ಫಾಲ್ ಬಿಚ್ಕೊಂಡಿತ್ತು. ಅದಕ್ಕೇ..."

ಸಂಜೆಯೊಳಗೆ ಏಳು ಸೀರೆಯ ಫಾಲ್ ಹೊಲಿದುಕೊಟ್ಟಳು. ಒಂದು ಸಾಲೂ ಹಾಡಲಿಲ್ಲ. ಫೋನಿನಲ್ಲಿ ರೆಕಾರ್ಡ್ ಆಗಿದ್ದು ಒಂದು ರೈಲು, ಪಕ್ಕದ ಮನೆಯ ಕುಕ್ಕರಿನ ನಾಲ್ಕು ಕೂಗು ಮತ್ತು ಮೇಷ್ಟ್ರ ಗೊರಕೆ. ಅದರಲ್ಲಿ ತಾಳ ತಪ್ಪದೆ ಇದ್ದದ್ದು ಗೊರಕೆ ಒಂದೇ.

"ಮನೇಲಿ ಆಗಲ್ಲ ಬುಡು," ಎಂದು ಚಿಕ್ಕತ್ತೆ ತುಮಕೂರಿನಲ್ಲಿ ಸ್ಟುಡಿಯೋ ಹುಡುಕಿದರು. ಬಟ್ಟೆ ಅಂಗಡಿಯೊಂದರ ಮೇಲಿನ ಮಹಡಿ. ನಡೆಸುವವರು ಬಸಣ್ಣ, ಹಿಂದೆ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತಿದ್ದವರು, ತಲೆ ಬೆಳ್ಳಗಾಗಿತ್ತು. ಎಂಥೆಂಥ ಗಾಯಕರನ್ನೋ ಸಹಿಸಿದ ಶಾಂತ ಮುಖ. ನಮ್ಮ ಚಿಕ್ಕತ್ತೆಯನ್ನು ಇನ್ನೂ ನೋಡಿರಲಿಲ್ಲ, ಪಾಪ.

ಚಿಕ್ಕತ್ತೆ ಮೊದಲು ಅವರ ಕೈಗೆ ಎರಡು ಹಾಳೆ ಕೊಟ್ಟರು. "ಹಾಡು ಶುರುವಾಗೋಕ್ ಮುಂಚೆ ಇಷ್ಟನ್ನ ಓದಿಸ್ಬೇಕು."

ನೋಡಿದರೆ ನಮ್ಮ ನೆಂಟರಿಷ್ಟರ ಹೆಸರುಗಳು! ಆಶೀರ್ವಾದ ಮಾಡುವ ಹಿರಿಯರು, ಸಹಕರಿಸಿದವರು, ರಜಾಯಿ ಕೊಟ್ಟವರು, ಸುಖಾಗಮನ ಬಯಸುವ ಮಕ್ಕಳು ಮೊಮ್ಮಕ್ಕಳು. ಮದುವೆ ಕಾರ್ಡಿನಲ್ಲಿ ಒಂದು ಹೆಸರು ಬಿಟ್ಟುಹೋದರೆ ನಮ್ಮಲ್ಲಿ ಎರಡು ತಲೆಮಾರು ಮಾತು ನಿಲ್ಲುತ್ತದೆ. ಇನ್ನು ಹಾಡಿನಲ್ಲಿ ಬಿಟ್ಟುಹೋದರೆ?

"ಮೇಡಂ, ಹಾಡು ನಾಕು ನಿಮಿಷ. ಹೆಸರು ಆರು ನಿಮಿಷ ಆಗ್ತವೆ," ಎಂದರು ಬಸಣ್ಣ.

ಕೊನೆಗೆ ಹೆಸರುಗಳೆಲ್ಲ ಯೂಟ್ಯೂಬಿನಲ್ಲಿ ಹಾಡಿನ ಕೆಳಗೆ ಬರವಣಿಗೆಯಲ್ಲಿ ಬರುವುದು ಎಂದು ರಾಜಿಯಾಯಿತು. ಸುದ್ದಿ ಹೇಗೆ ಹೋಯಿತೋ, ಅರ್ಧ ಗಂಟೆಯಲ್ಲಿ ನಿಟ್ಟೂರಿನ ಭಾವನವರ ಫೋನು: "ನನ್ನ ಹೆಸ್ರು ನೋಡ್ಬೇಕಾದ್ರೆ ಕೆಳಗಡೆ ಎಲ್ಲೋ ಒತ್ತಬೇಕಂತಲ್ಲ? ನಾನೇನು ಒತ್ತಿದ್ರೆ ಬರೋ ಮನುಷ್ಯನಾ?"

ಆಮೇಲೆ ಚಿಕ್ಕತ್ತೆ ಮಂಜುಳಾಳನ್ನು ಮಹಡಿಯ ತಾರಸಿಗೆ ಕರೆದುಕೊಂಡು ಹೋಗಿ ಉಸಿರು ತೆರೆಯಲಿ ಎಂದು ಮೂರು ಸುತ್ತು ಓಡಿಸಿದರು. ವಿಷಲ್ ಊದಿದ ರಭಸಕ್ಕೆ ಕೆಳಗಿನ ಬಟ್ಟೆ ಅಂಗಡಿಯವರು ಹೊರಗೆ ಬಂದು ಮೇಲೆ ನೋಡಿದರು. ಬಸಣ್ಣ ನನ್ನ ಹತ್ತಿರ ಬಗ್ಗಿ, "ಇವ್ರಿಗೆ ಸಂಗೀತ ಯಾರ ಹತ್ರ ಪಾಠ ಆಗೈತೆ?" ಎಂದು ಮೆಲ್ಲಗೆ ಕೇಳಿದರು. ನಾನು ಕಿಟಕಿಯ ಪರದೆಯ ಬಣ್ಣ ಹೊಗಳಿದೆ.

ಹಾಡು ಮಂಜುಳಾ ತಾನೇ ಕಟ್ಟಿದ್ದು, ಮೆಷಿನ್ ತುಳಿಯುತ್ತಾ ತುಳಿಯುತ್ತಾ.

ಅಳತೆ ಕೊಟ್ಟು ಹೋದ ಗೆಳತಿ ಇನ್ನೂ ಬರಲಿಲ್ಲ,
ಹೊಲಿದ ರವಿಕೆ ಮಡಿಚಿ ಮಡಿಚಿ ಇಟ್ಟೇ ಇದೀನಲ್ಲ...

ಗಾಜಿನ ಆಚೆ ಅವಳು, ಈಚೆ ನಾವು ಮೂವರು. ಬಸಣ್ಣ ಕೈ ತೋರಿಸಿದರು. ಅವಳು ಹಾಡಿದಳು. ಎರಡು ಸಾಲು ಆಗಿಲ್ಲ, ಚಿಕ್ಕತ್ತೆ, "ಬೇಡ, ಇನ್ನೊಂದ್ಸಲ," ಎಂದರು. ಎರಡನೇ ಸಲ, "ಬೇಡ." ಮೂರನೇ ಸಲ, "ಬೇಡ." ನನಗೆ ನಾಚಿಕೆಯಿಂದ ಸೀರೆಯ ಸೆರಗು ಎಲ್ಲಿಡಬೇಕೋ ತಿಳಿಯಲಿಲ್ಲ. ಮಂಗಳಾರತಿಗೂ ಲಾಲಿಗೂ ವ್ಯತ್ಯಾಸ ತಿಳಿಯದವರು ತೀರ್ಪು ಕೊಡುತ್ತಿದ್ದಾರಲ್ಲ!

ಬಸಣ್ಣ ಮಾತ್ರ ವಿಚಿತ್ರವಾಗಿ ಅವರನ್ನೇ ನೋಡುತ್ತಿದ್ದರು. "ಮೇಡಂ, ಮೂರೂ ಸಲ ಶ್ರುತಿ ಒಂಚೂರು ಜಾರಿತ್ತು. ನೀವು ನಾನು ಹೇಳೋಕ್ ಮುಂಚೆನೇ ಹಿಡಿದ್ರಿ. ಅದೆಂಥಾ ಕಿವಿ ನಿಮ್ದು!"

"ಕಿವಿ ಎಲ್ಲಿ ಬಂತು?" ಎಂದರು ಚಿಕ್ಕತ್ತೆ. "ಅವಳ ಭುಜ ನೋಡ್ರಿ. ಹಾಡ್ತಾ ಹಾಡ್ತಾ ಮೇಲಕ್ಕೋಯ್ತವೆ. ಓಡೋ ಮುಂಚೆ ಯಾವ ಹುಡುಗಿ ಭುಜ ಮೇಲಕ್ಕೋಗ್ತದೋ ಅವಳು ಬೀಳ್ತಾಳೆ. ಮೂವತ್ತೊಂದ್ ವರ್ಷ ನೋಡೀನಿ."

ನಾನೂ ನೋಡಿದೆ. ನಿಜ. ಎರಡನೇ ಸಾಲಿನ ಹೊತ್ತಿಗೆ ಮಂಜುಳಾಳ ಭುಜಗಳು ಕಿವಿಯ ಕಡೆಗೆ ಏರುತ್ತಿದ್ದವು, ಚಳಿಯಲ್ಲಿ ನಿಂತವರ ಹಾಗೆ. ನನ್ನ ಕಾನ್ವೆಂಟ್ ಕಿವಿಗೆ ಶ್ರುತಿ ಜಾರಿದ್ದು ಗೊತ್ತಾಗುತ್ತಿದ್ದುದು ಆಮೇಲೆ.

ಒಂಬತ್ತು ಸಲವಾಯಿತು. ಒಂಬತ್ತನೆಯ ಸಲ ಅವಳು ನಡುವೆಯೇ ನಿಲ್ಲಿಸಿ, ಮೈಕಿನ ಮುಂದೆ ತಲೆ ತಗ್ಗಿಸಿ ನಿಂತುಬಿಟ್ಟಳು. "ಮಿಸ್, ನನ್ ಕೈಲಾಗಲ್ಲ. ಊರಿಗ್ ಹೋಗ್ತೀನಿ."

ಚಿಕ್ಕತ್ತೆ ಎದ್ದು, ದಪ್ಪ ಬಾಗಿಲು ತಳ್ಳಿಕೊಂಡು ಒಳಗೆ ಹೋದರು. ಅಲ್ಲಿ ಮೈಕು ಚಾಲೂ ಇದೆ, ಎಲ್ಲವೂ ನಮಗೆ ಕೇಳಿಸುತ್ತದೆ ಎಂಬ ಯೋಚನೆ ಅವರಿಗೆ ಬಂದಂತಿರಲಿಲ್ಲ. ಬಸಣ್ಣ ಸ್ವಿಚ್ಚಿನ ಕಡೆ ಕೈ ಚಾಚಿದರು, ಆದರೆ ಆರಿಸಲಿಲ್ಲ.

"ಮಂಜು, ಅವತ್ತು ಆ ಬಸ್ಸಿಗೆ ನಿನ್ನ ಹತ್ತಿಸ್ಬಾರ್ದಾಗಿತ್ತು ಕಣಮ್ಮ. ತಪ್ಪು ನಂದು. ಮ್ಯಾಚು ಹೋದ್ರೆ ಹೋಗ್ತಿತ್ತು."

 ಮಂಜುಳಾಳ ದನಿ ಕೇಳಿಸಿತು.

"ಗೀತಾಗೆ ಜ್ವರ ಬಂದಿರ್ಲಿಲ್ಲ ಮಿಸ್."

"ಏನು?"

"ನಾನೇ ಅವ್ಳ ಕೈಲಿ ಹಂಗ್ ಹೇಳ್ಸಿದ್ದು. ನಂಗೆ ಹೆದ್ರಿಕೆ. ಗೊತ್ತಿಲ್ಲದ ರೂಮಿಗೆ ಒಬ್ಳೇ ಹೋಗಿ, ಮುಂದೆ ಕೂತಿರೋರನ್ನ ನೋಡ್ಕೊಂಡು ಹಾಡ್ಬೇಕಲ್ಲ ಅಂತ. ಟೀಮಿಗೆ ಒಬ್ರು ಕಡಿಮೆ ಆದ್ರೆ ನೀವು ನನ್ನನ್ನೇ ಕರ್ಕೊಂಡೋಗ್ತೀರ ಅಂತ ಗೊತ್ತಿತ್ತು."

"ಜ್ವರ ಇರ್ಲೇ ಇಲ್ವಾ?"

"ಇಲ್ಲ ಮಿಸ್."

"ನಾನು ಸಂಜೆ ಅವ್ಳ ಮನೆಗೆ ಎಳನೀರು ತಗೊಂಡೋಗಿದ್ನಲ್ಲೇ!"

"ಗೊತ್ತು ಮಿಸ್. ಅರ್ಧ ನಾನೇ ಕುಡ್ದೆ."

ಬಸಣ್ಣ ಬಾಯಿಗೆ ಕೈ ಅಡ್ಡ ಹಿಡಿದರು. ನಾನು ಗಾಜಿನಾಚೆ ನೋಡಿದೆ. ಚಿಕ್ಕತ್ತೆ ಗೋಡೆಗೆ ಕೈಯೂರಿ ನಿಂತಿದ್ದರು. ಇಪ್ಪತ್ತೆರಡು ವರ್ಷ ಹೊತ್ತಿದ್ದ ಮೂಟೆಯನ್ನು ಯಾರೋ ಬಂದು ಇದು ನಿಮ್ಮದಲ್ಲ ಎಂದು ಇಳಿಸಿಕೊಂಡರೆ ಬೆನ್ನಿಗೆ ಏನನ್ನಿಸುತ್ತದೆ? ಹಗುರವೋ, ಸಿಟ್ಟೋ? ಬೈಯುತ್ತಾರೆ ಎಂದುಕೊಂಡೆ. ಬೈಯಲು ಅವರಿಗೆ ಪೂರಾ ಹಕ್ಕಿತ್ತು.

"ಈಗ್ಲೂ ಹೆದ್ರಿಕೆ ಐತಾ?" ಎಂದು ಕೇಳಿದರು.

"ಐತೆ ಮಿಸ್."

"ಅವತ್ತೇ ಹೇಳಿದ್ರೆ ಆ ರೂಮೊಳಗೆ ನಿನ್ ಜೊತೆ ಬಂದು ನಿಂತ್ಕೊಂತಿದ್ನಲ್ಲೇ ಪೆದ್ದಿ." ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, "ಸರಿ. ನಾನು ಆಚೆ ಹೋಗಲ್ಲ. ಇಲ್ಲೇ ಇರ್ತೀನಿ, ನೀನ್ ಹಾಡು."

ಒಳಗೆ ಇನ್ನೊಬ್ಬರಿದ್ದರೆ ಉಸಿರಾಡಿದ್ದೂ ಮೈಕಿಗೆ ಬೀಳುತ್ತದೆ ಎಂದು ಬಸಣ್ಣ ಹೇಳಹೊರಟವರು ಹೇಳಲಿಲ್ಲ. ಚಿಕ್ಕತ್ತೆ ಅವಳ ಪಕ್ಕದಲ್ಲಿ ಕಾಲು ಜೋಡಿಸಿ, ಪ್ರಾರ್ಥನೆಗೆ ನಿಂತವರಂತೆ ನೆಟ್ಟಗೆ ನಿಂತರು. ಮಂಜುಳಾ ಕಣ್ಣು ಮುಚ್ಚಿ ಹಾಡಿದಳು. ಹೇಗೆ ಹಾಡಿದಳು ಎಂದು ನಾನು ವರ್ಣಿಸುವುದಿಲ್ಲ. ನಾನೂ ಬಸಣ್ಣನೂ ಬಾಯಿ ಮುಚ್ಚಿಕೊಂಡು ಕೂತಿದ್ದೆವು ಎಂದರೆ ಸಾಕು.

ಇಬ್ಬರೂ ಹೊರಗೆ ಬಂದ ಮೇಲೆ ಬಸಣ್ಣ ಹಾಡನ್ನು ಮೊದಲಿಂದ ಹಾಕಿದರು. ಎರಡನೇ ಚರಣಕ್ಕೆ ಮೊದಲು ಅವಳು ನಿಲ್ಲಿಸುವ ಕಡೆ ಒಂದು ಸಣ್ಣ ಸದ್ದು. ಯಾರೋ ಅಳು ತಡೆದು ಮೂಗು ಎಳೆದುಕೊಂಡದ್ದು. ಅದು ಮಂಜುಳಾಳದಲ್ಲ. ಬಸಣ್ಣ ಅಲ್ಲಿಗೆ ನಿಲ್ಲಿಸಿ, ತೆಗೆದುಬಿಡಲೇ ಎಂಬಂತೆ ನನ್ನ ಮುಖ ನೋಡಿದರು. ನಾನು ಬೇಡವೆಂದು ತಲೆಯಾಡಿಸಿದೆ.

"ಯಾಕ್ ನಿಲ್ಸಿದ್ರಿ?" ಚಿಕ್ಕತ್ತೆಗೆ ಗಾಬರಿ. "ಎಲ್ಲಾದ್ರೂ ತಪ್ಪಾಗೈತಾ?"

"ಇಲ್ಲ ಚಿಕ್ಕತ್ತೆ," ಎಂದೆ. "ಎಲ್ಲೂ ತಪ್ಪಿಲ್ಲ."